ಭೂಮಿಯ ಒಳರಚನೆಯ ಚಿತ್ರವನ್ನು ಲೆಕ್ಕ ಹಾಕಿ ಬರೆಯುವ ಕ್ರಮ

ಪ್ರೌಢಶಾಲೆಯ ಭೂಗೋಳ ಪಠ್ಯದಲ್ಲಿ ಭೂಮಿಯನ್ನು ಸೀಳಿ ತೋರಿಸುವ ಚಿತ್ರ ಇದ್ದೇ ಇರುತ್ತದೆ. ಹೊರಗೆ ತೆಳುವಾದ ಭೂಕವಚ, ಅದರ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೆ ಮ್ಯಾಂಟಲ್, ಆಮೇಲೆ ದ್ರವರೂಪದ ಹೊರ ಕೇಂದ್ರಗೋಳ, ನಟ್ಟನಡುವೆ ಘನರೂಪದ ಒಳ ಕೇಂದ್ರಗೋಳ. ವಿದ್ಯಾರ್ಥಿಗಳು ಅದನ್ನು ನೋಡಿಕೊಂಡು ಬರೆದು, ಬಣ್ಣ ತುಂಬಿ, ಅಂಕ ಪಡೆಯುತ್ತಾರೆ. ಆದರೆ ಯಾರೂ ಇಳಿದು ನೋಡದ ಆಳಕ್ಕೆ ಇಷ್ಟು ಖಚಿತವಾದ ಅಂಕಿಗಳು ಹೇಗೆ ಬಂದವು ಎಂಬ ಪ್ರಶ್ನೆಗೆ ಆ ಪುಟದಲ್ಲಿ ಉತ್ತರವಿರುವುದಿಲ್ಲ. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಆರಂಭಿಸಿ 1989ರ ಹೊತ್ತಿಗೆ 12,262 ಮೀಟರ್ ಆಳಕ್ಕೆ ಕೊರೆದ ಬಾವಿಯೂ ಭೂಮಿಯ ತ್ರಿಜ್ಯದ ಶೇ. 0.2ರಷ್ಟನ್ನು ಮುಟ್ಟಿಲ್ಲ. ಮನುಷ್ಯರೇ ಇಳಿದು ದುಡಿದ ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. ಮಾತ್ರ.

ಆ ಚಿತ್ರವನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾದ ಅಗತ್ಯವಿಲ್ಲ. ಅದರ ಮುಖ್ಯ ಗೆರೆಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿ ಅಥವಾ ತರಗತಿಯಲ್ಲಿ ಕುಳಿತು ಲೆಕ್ಕದಿಂದಲೇ ಹತ್ತಿರ ಹತ್ತಿರ ಪಡೆಯಬಹುದು. ಬೇಕಾಗುವ ಸಾಮಗ್ರಿ ಇಷ್ಟು: ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ದಾರ, ಬೇರೆ ಬೇರೆ ಬಗೆಯ ಎರಡು ಮೂರು ಕಲ್ಲು, ತ್ರಿಕೋನಮಿತಿಯ ಬೆಲೆಗಳನ್ನು ಕೊಡುವ ಕ್ಯಾಲ್ಕುಲೇಟರ್, ಎ-4 ಅಳತೆಯ ಬಿಳಿ ಹಾಳೆ, ಕೈವಾರ ಮತ್ತು ಕೋನಮಾಪಕ. ಹಂತಗಳನ್ನು ಇಲ್ಲಿ ಕೊಟ್ಟಿರುವ ಕ್ರಮದಲ್ಲಿಯೇ ಮಾಡುವುದು ಒಳ್ಳೆಯದು, ಏಕೆಂದರೆ ಒಂದರ ಉತ್ತರ ಮುಂದಿನದಕ್ಕೆ ಬೇಕಾಗುತ್ತದೆ.

ಮೊದಲು ಕಲ್ಲಿನ ಸಾಂದ್ರತೆ

ಒಂದು ಬೆಣಚುಕಲ್ಲಿನ ಅಥವಾ ಗ್ರಾನೈಟಿನ ತುಂಡನ್ನು ಒಣಗಿದ ಸ್ಥಿತಿಯಲ್ಲಿ ತೂಗಿ, ತೂಕವನ್ನು ಬರೆದುಕೊಳ್ಳಿ. ಆಮೇಲೆ ಮುಕ್ಕಾಲು ಭಾಗ ನೀರಿರುವ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು, ಟೇರ್ ಗುಂಡಿ ಒತ್ತಿ ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ದಾರವನ್ನು ಕೈಯಲ್ಲಿ ಹಿಡಿದು, ಕಲ್ಲು ಪೂರ್ತಿ ಮುಳುಗುವಂತೆ, ಆದರೆ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಇಳಿಬಿಡಿ. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಂದು ಗ್ರಾಂ ನೀರಿನ ಗಾತ್ರ ಒಂದು ಘನ ಸೆಂ.ಮೀ. ಆದ್ದರಿಂದ ಅದೇ ಕಲ್ಲಿನ ಗಾತ್ರವೂ ಹೌದು. ಒಣ ತೂಕ 540 ಗ್ರಾಂ, ಮುಳುಗಿದಾಗಿನ ಅಂಕಿ 200 ಎಂದಾದರೆ ಸಾಂದ್ರತೆ ಘನ ಸೆಂ.ಮೀ.ಗೆ 2.7 ಗ್ರಾಂ. ಕಲ್ಲಿನ ಮೈಗೆ ಗಾಳಿಗುಳ್ಳೆಗಳು ಅಂಟಿಕೊಂಡಿದ್ದರೆ ಗಾತ್ರ ಹೆಚ್ಚಾಗಿ ಕಾಣುತ್ತದೆ. ನೀರಿನೊಳಗೆ ಕಲ್ಲನ್ನು ಒಮ್ಮೆ ಅಲ್ಲಾಡಿಸಿ ಗುಳ್ಳೆ ಬಿಡಿಸಿದ ಮೇಲೆ ಅಂಕಿಯನ್ನು ಓದಿರಿ.

ದಕ್ಷಿಣ ಕರ್ನಾಟಕದ ಸಾಮಾನ್ಯ ಗ್ರಾನೈಟ್ ಮತ್ತು ನೈಸ್ ಶಿಲೆಗಳು 2.7ರ ಆಸುಪಾಸಿನಲ್ಲಿರುತ್ತವೆ. ಕನಕಪುರ, ಚಾಮರಾಜನಗರದ ಕಡೆ ವ್ಯಾಪಾರದಲ್ಲಿ ಕಪ್ಪು ಗ್ರಾನೈಟ್ ಎಂದು ಕರೆಸಿಕೊಳ್ಳುವ ಕಲ್ಲು ವಾಸ್ತವದಲ್ಲಿ ಡಾಲರೈಟ್; ಅದರ ಸಾಂದ್ರತೆ ಸುಮಾರು 3. ಬೆಳಗಾವಿ, ವಿಜಯಪುರದ ಕಡೆಯ ದಖನ್ ಬಸಾಲ್ಟ್ ಕೂಡ, ರಂಧ್ರಗಳಿಲ್ಲದ ಗಟ್ಟಿ ತುಂಡಾದರೆ, ಅದರ ಸಮೀಪಕ್ಕೇ ಬರುತ್ತದೆ. ಸಾಧ್ಯವಿದ್ದರೆ ಸಂಡೂರಿನ ಕಬ್ಬಿಣದ ಅದಿರಿನ ತುಂಡೊಂದನ್ನೂ ಹೀಗೆಯೇ ತೂಗಿ ನೋಡಬೇಕು. ಅದರ ಮುಖ್ಯ ಖನಿಜವಾದ ಹೆಮಟೈಟ್ ಶುದ್ಧ ರೂಪದಲ್ಲಿ 5.3 ತೂಗುತ್ತದೆ, ಅಂಗೈಯಲ್ಲಿ ಹಿಡಿದರೆ ಕೈ ತಾನಾಗಿ ಕೆಳಗಿಳಿಯುವಷ್ಟು ಭಾರ. ಈ ಅಂಕಿಯನ್ನು ನೆನಪಿನಲ್ಲಿಡಿ.

ಇಡೀ ಭೂಮಿಯನ್ನು ತೂಗುವುದು

ಭೂಮಿಯ ದ್ರವ್ಯರಾಶಿ ತಿಳಿಯಲು ಮೂರು ಅಂಕಿಗಳು ಸಾಕು: ಗುರುತ್ವ ವೇಗೋತ್ಕರ್ಷ 9.8, ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ., ಮತ್ತು ಗುರುತ್ವ ಸ್ಥಿರಾಂಕ 6.674 × 10⁻¹¹. ತ್ರಿಜ್ಯವನ್ನು ಮೀಟರಿಗೆ ಬದಲಿಸಿ, ವರ್ಗ ಮಾಡಿ, 9.8ರಿಂದ ಗುಣಿಸಿ, ಸ್ಥಿರಾಂಕದಿಂದ ಭಾಗಿಸಿದರೆ 5.96 × 10²⁴ ಕಿ.ಗ್ರಾಂ ಬರುತ್ತದೆ. ಇದನ್ನು ಗೋಳದ ಗಾತ್ರದಿಂದ, ಅಂದರೆ 1.083 × 10²¹ ಘನ ಮೀಟರಿನಿಂದ ಭಾಗಿಸಿದರೆ ಸರಾಸರಿ ಸಾಂದ್ರತೆ ಘನ ಸೆಂ.ಮೀ.ಗೆ 5.5 ಗ್ರಾಂ. ಹೆಚ್ಚು ನಿಖರವಾದ ಅಳತೆಗಳಿಂದ ಬರುವ ಬೆಲೆ 5.51. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಸೀಸದ ಗೋಳಗಳ ನಡುವಿನ ಅತಿ ಸಣ್ಣ ಸೆಳೆತವನ್ನು ಅಳೆದು 1798ರಲ್ಲಿ ಪ್ರಕಟಿಸಿದ ಬೆಲೆ 5.48 ಆಗಿತ್ತು ಎಂಬುದನ್ನು ಗಮನಿಸಿದರೆ, ಈ ಲೆಕ್ಕದ ಗಟ್ಟಿತನದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಈಗ ತೂಗಿದ ಕಲ್ಲುಗಳಿಗೆ ಹಿಂತಿರುಗಿ. ಮೇಲ್ಮೈಯ ಶಿಲೆ 2.7ರಿಂದ 3, ಇಡೀ ಭೂಮಿಯ ಸರಾಸರಿ ಮಾತ್ರ ಸಂಡೂರಿನ ಅದಿರಿಗಿಂತಲೂ ಹೆಚ್ಚು. ಹಾಗಿದ್ದಲ್ಲಿ ಒಳಗೆಲ್ಲೋ 5.5ಕ್ಕಿಂತ ಬಹಳ ಭಾರವಾದ ವಸ್ತು ಇರಲೇಬೇಕು. ಅದು ಮೇಲಿನಿಂದ ಕೆಳಗೆ ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆಯೋ, ಅಥವಾ ಯಾವುದಾದರೂ ಒಂದು ಆಳದಲ್ಲಿ ಥಟ್ಟನೆ ಆರಂಭವಾಗುತ್ತದೆಯೋ ಎಂಬುದನ್ನು ತೂಕದ ಲೆಕ್ಕ ಹೇಳಲಾರದು. ಅದಕ್ಕೆ ಭೂಕಂಪದ ಅಲೆಗಳು ಬೇಕು.

ಅಲೆಗಳಿಂದ ಕೇಂದ್ರಗೋಳದ ಅಂಚನ್ನು ಹಿಡಿಯುವುದು

ಭೂಕಂಪವಾದಾಗ ಭೂಮಿಯ ಒಳಗಿನಿಂದ ಹಾದುಬರುವ ಅಲೆಗಳು ಎರಡು ಬಗೆಯವು. ಪ್ರಾಥಮಿಕ ಅಲೆಗಳು ತಾವು ಸಾಗುವ ದಿಕ್ಕಿನಲ್ಲಿಯೇ ಶಿಲೆಯನ್ನು ಒತ್ತಿ ಹಿಗ್ಗಿಸುತ್ತ ಬರುತ್ತವೆ. ಇವು ಘನ, ದ್ರವ ಎರಡರಲ್ಲೂ ಸಾಗಬಲ್ಲವು. ದ್ವಿತೀಯಕ ಅಲೆಗಳು ಶಿಲೆಯನ್ನು ಅಡ್ಡಕ್ಕೆ ಅಲುಗಿಸುತ್ತವೆ. ದ್ರವಕ್ಕೆ ಅಡ್ಡ ಬಲವನ್ನು ತಡೆದು ಮರಳಿ ಮೊದಲಿನ ಆಕಾರಕ್ಕೆ ಬರುವ ಗುಣವಿಲ್ಲದ ಕಾರಣ ಅದರೊಳಗೆ ಇವು ಸಾಗಲಾರವು. ಈ ಎರಡೂ ಬಗೆಗಳನ್ನು ಮತ್ತು ಮೇಲ್ಮೈ ಅಲೆಗಳನ್ನು ಕಂಪನ ದಾಖಲೆಗಳಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದವರು ರಿಚರ್ಡ್ ಓಲ್ಡಮ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಅವರು 1897ರ ಜೂನ್ 12ರ ಅಸ್ಸಾಂ ಭೂಕಂಪವನ್ನು ವಿವರವಾಗಿ ಅಭ್ಯಾಸ ಮಾಡಿ, ಅದರ ಅಲೆಗಳು ದೂರದ ಯುರೋಪಿನ ಉಪಕರಣಗಳಲ್ಲಿ ಹೇಗೆ ದಾಖಲಾಗಿದ್ದವು ಎಂಬುದನ್ನು ಹೋಲಿಸಿ ನೋಡಿದರು. 1906ರಲ್ಲಿ, ಬಹಳ ದೂರಕ್ಕೆ ಹೋಗುವ ಅಲೆಗಳು ನಿರೀಕ್ಷೆಗಿಂತ ತಡವಾಗಿ ತಲುಪುವುದನ್ನು ಆಧಾರವಾಗಿಟ್ಟುಕೊಂಡು, ಭೂಮಿಯ ನಡುವೆ ಬೇರೆಯದೇ ಆದ ಒಂದು ಗೋಳವಿದೆ ಎಂದು ವಾದಿಸಿದರು. ಕೇಂದ್ರಗೋಳದ ಇತಿಹಾಸ ನಮ್ಮ ದೇಶದ ಭೂಕಂಪವೊಂದರ ಅಧ್ಯಯನದಿಂದ ದಾರಿ ಹಿಡಿಯಿತು ಎಂಬುದನ್ನು ನಮ್ಮ ಪಠ್ಯಗಳು ಇನ್ನಷ್ಟು ಒತ್ತಿ ಹೇಳಬಹುದಿತ್ತು.

ಮಾಡಬೇಕಾದ ಲೆಕ್ಕ ಹೀಗಿದೆ. ನಿಮ್ಮ ಊರು ಮತ್ತು ಭೂಕಂಪದ ಸ್ಥಳದ ನಡುವಿನ ದೂರವನ್ನು ಕಿ.ಮೀ. ಬದಲು ಭೂಮಿಯ ಕೇಂದ್ರದಲ್ಲಿ ಉಂಟಾಗುವ ಕೋನವಾಗಿ ಅಳೆಯಬೇಕು. ಎರಡೂ ಸ್ಥಳಗಳ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಬರೆದಿಡಿ. ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ, ಮೊದಲಿನದಕ್ಕೆ ಕೂಡಿಸಿ. ಬಂದ ಮೊತ್ತವೇ ಬೇಕಾದ ಕೋನದ ಕೊಸೈನ್. ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಋಣಚಿಹ್ನೆ ಹಾಕುವುದನ್ನು ಮರೆಯಬಾರದು. ಉತ್ತರ ವಿಚಿತ್ರವಾಗಿ ಬಂದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಅಲ್ಲಿಯೇ ಇರುತ್ತದೆ.

ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಟೋಕಿಯೊ ಸುಮಾರು 60 ಡಿಗ್ರಿ, ಅಲಾಸ್ಕಾದ ಆಂಕರೇಜ್ 97 ಡಿಗ್ರಿ, ಸ್ಯಾನ್ ಫ್ರಾನ್ಸಿಸ್ಕೊ 126 ಡಿಗ್ರಿ, ಚಿಲಿ ದೇಶದ ಸಾಂಟಿಯಾಗೊ 145 ಡಿಗ್ರಿ ದೂರದಲ್ಲಿವೆ. ನಾಲ್ಕೂ ಭೂಕಂಪದ ಸೀಮೆಗಳೇ, ಮತ್ತು ನಾಲ್ಕರ ನಡವಳಿಕೆಯೂ ಬೇರೆ ಬೇರೆ. ಟೋಕಿಯೊ ಬಳಿ ದೊಡ್ಡ ಭೂಕಂಪವಾದರೆ ಪ್ರಾಥಮಿಕ ಅಲೆ ಸುಮಾರು 10 ನಿಮಿಷಕ್ಕೆ, ದ್ವಿತೀಯಕ ಅಲೆ ಸುಮಾರು 18 ನಿಮಿಷಕ್ಕೆ ಬೆಂಗಳೂರನ್ನು ತಲುಪುತ್ತವೆ. ಆಂಕರೇಜಿನ ಅಲೆಗಳೂ ತಲುಪುತ್ತವೆ, ಆದರೆ ಕೇಂದ್ರಗೋಳದ ಅಂಚಿಗೆ ತೀರ ಹತ್ತಿರದಿಂದ ಹಾದುಬರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ ಭೂಕಂಪಕ್ಕೆ ನೇರ ಪ್ರಾಥಮಿಕ ಅಲೆಯೂ ಇಲ್ಲ, ನೇರ ದ್ವಿತೀಯಕ ಅಲೆಯೂ ಇಲ್ಲ. ಭೂಮಿಯ ಮೇಲ್ಮೈಗೆ ಒಮ್ಮೆ ಬಡಿದು ಪ್ರತಿಫಲಿಸಿ ಬಂದ ಅಲೆಗಳು ಮತ್ತು ಕೆಲವು ಕ್ಷೀಣ ಅಲೆಗಳು ಮಾತ್ರ ಸಿಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರ ಮನೆ ನಡುಗಿಸಿದ ಭೂಕಂಪವು ಬೆಂಗಳೂರಿನ ಪಾಲಿಗೆ ನೆರಳಿನಲ್ಲಿ ನಡೆದಂತೆ. ಇನ್ನೂ ದೂರದ ಸಾಂಟಿಯಾಗೊದಿಂದ ಮಾತ್ರ, ಸುಮಾರು 20 ನಿಮಿಷಗಳ ಬಳಿಕ, ಪ್ರಾಥಮಿಕ ಅಲೆ ಮತ್ತೆ ಜೋರಾಗಿಯೇ ಬರುತ್ತದೆ; ನೇರ ದ್ವಿತೀಯಕ ಅಲೆ ಬರುವುದಿಲ್ಲ.

103ರಿಂದ 143 ಡಿಗ್ರಿಯವರೆಗಿನ ಈ ಪಟ್ಟಿಯನ್ನು ಛಾಯಾವಲಯ ಎನ್ನುತ್ತಾರೆ. ಪುಸ್ತಕದಿಂದ ಪುಸ್ತಕಕ್ಕೆ ಈ ಅಂಕಿಗಳು ಒಂದೆರಡು ಡಿಗ್ರಿ ಬದಲಾಗುತ್ತವೆ. ಅಂಚು ಚಾಕುವಿನಿಂದ ಕತ್ತರಿಸಿದಷ್ಟು ಚೂಪಾಗಿಲ್ಲದಿರುವುದೇ ಇದಕ್ಕೆ ಕಾರಣ. ಛಾಯಾವಲಯ ಉಂಟಾಗುವುದು ವೇಗದ ಕುಸಿತದಿಂದ: ಮ್ಯಾಂಟಲಿನ ತಳದಲ್ಲಿ ಸೆಕೆಂಡಿಗೆ 13.7 ಕಿ.ಮೀ. ಇದ್ದ ಪ್ರಾಥಮಿಕ ಅಲೆಯ ವೇಗ ಕೇಂದ್ರಗೋಳವನ್ನು ಹೊಕ್ಕ ಕೂಡಲೇ 8.1ಕ್ಕೆ ಇಳಿಯುತ್ತದೆ, ಅಲೆ ಕೇಂದ್ರದ ಕಡೆಗೆ ಬಾಗುತ್ತದೆ, ಮತ್ತು ಹಾಗೆ ಬಾಗಿದ ಅಲೆಗಳು ಆಚೆ ಬದಿಯಲ್ಲಿ ದೂರಕ್ಕೆ ಹೋಗಿ ಹೊರಬೀಳುತ್ತವೆ.

ಈ ಛಾಯೆಯ ಅಂಚಿನಿಂದ ಕೇಂದ್ರಗೋಳದ ತ್ರಿಜ್ಯವನ್ನು ಅಂದಾಜು ಮಾಡಬಹುದು. ಅಲೆಗಳು ನೇರ ಗೆರೆಯಲ್ಲಿ ಸಾಗುತ್ತವೆ ಎಂದು ಸದ್ಯಕ್ಕೆ ಭಾವಿಸಿ. 103 ಡಿಗ್ರಿ ದೂರದ ಎರಡು ಬಿಂದುಗಳನ್ನು ಸೇರಿಸುವ ಗೆರೆ ಕೇಂದ್ರಗೋಳವನ್ನು ಸವರಿಕೊಂಡು ಹೋಗಬೇಕು. ಹಾಗಾದರೆ ಅದರ ತ್ರಿಜ್ಯವು 6,371ನ್ನು 51.5 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದಷ್ಟು, ಅಂದರೆ ಸುಮಾರು 3,970 ಕಿ.ಮೀ. ಆಧುನಿಕ ಅಳತೆ ಹೇಳುವುದು 3,480. ನಮ್ಮ ಉತ್ತರ ಶೇ. 14ರಷ್ಟು ಹೆಚ್ಚು. ಕಾರಣವೂ ಸ್ಪಷ್ಟ: ಮ್ಯಾಂಟಲಿನಲ್ಲಿ ಆಳಕ್ಕೆ ಹೋದಂತೆ ಅಲೆಯ ವೇಗ ಒಟ್ಟಿನಲ್ಲಿ ಹೆಚ್ಚುವುದರಿಂದ ಅಲೆಯ ದಾರಿ ನೇರವಾಗಿರದೆ ಕೆಳಗೆ ಜೋತುಬಿದ್ದ ಬಿಲ್ಲಿನಂತಿರುತ್ತದೆ, ಆದ್ದರಿಂದ ನೇರ ಗೆರೆಗಿಂತ ಆಳಕ್ಕೆ ಇಳಿದು ಕೇಂದ್ರಗೋಳವನ್ನು ಮುಟ್ಟುತ್ತದೆ. ಈ ಬಾಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಬೆನೊ ಗುಟೆನ್‌ಬರ್ಗ್ 1913ರ ಸುಮಾರಿಗೆ ಕೊಟ್ಟ ಆಳ 2,900 ಕಿ.ಮೀ. ಈಗಿನ ಬೆಲೆ 2,891. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅದಕ್ಕೆ ಮಾಡಬೇಕಾದ ತಿದ್ದುಪಡಿ ಇಷ್ಟೇ ಆಯಿತು.

ದ್ವಿತೀಯಕ ಅಲೆಗಳು ದಾಟಿ ಬರದಿರುವುದರಿಂದಲೇ ಕೇಂದ್ರಗೋಳ ದ್ರವವೆಂದು ತಿಳಿಯಿತು ಎಂದು ಪಠ್ಯಗಳು ಬರೆಯುತ್ತವೆ. ಅದು ಅರ್ಧ ಮಾತ್ರ ಸರಿ. 1926ರಲ್ಲಿ ಹೆರಾಲ್ಡ್ ಜೆಫ್ರೀಸ್ ಮುಂದಿಟ್ಟ ವಾದದಲ್ಲಿ ಚಂದ್ರ ಮತ್ತು ಸೂರ್ಯರ ಸೆಳೆತಕ್ಕೆ ಇಡೀ ಭೂಮಿ ಎಷ್ಟು ಹಿಗ್ಗುತ್ತದೆ ಎಂಬ ಅಳತೆ ಮುಖ್ಯವಾಗಿತ್ತು. ಮ್ಯಾಂಟಲ್ ಬಹಳ ಗಡುಸು ಎಂದು ಅಲೆಗಳ ವೇಗ ಹೇಳುತ್ತದೆ. ಭೂಮಿ ಒಟ್ಟಾರೆಯಾಗಿ ಅಷ್ಟು ಗಡುಸಿಲ್ಲ. ಹಾಗಾಗಿ ಒಳಗಿನ ಗೋಳಕ್ಕೆ ಗಡುಸುತನವೇ ಇರಲಾರದು. ಒಂದು ವಸ್ತು ಬಾರದಿರುವುದಕ್ಕಿಂತ ಇಂಥ ನೇರ ಅಳತೆ ಹೆಚ್ಚು ಬಲವಾದ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ.

ಛಾಯಾವಲಯದಲ್ಲಿ ಸಿಗುವ ಕ್ಷೀಣ ಅಲೆಗಳ ವಿಷಯ ಉಳಿಯಿತು. ಡೆನ್ಮಾರ್ಕಿನ ಇಂಗೆ ಲೆಹ್ಮನ್ ಅವರು 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳಲ್ಲಿ ಇವನ್ನು ಗಮನಿಸಿ, ಕೇಂದ್ರಗೋಳದೊಳಗೆ ಹೆಚ್ಚು ವೇಗದ ಇನ್ನೊಂದು ಗೋಳವಿದ್ದರೆ ಮಾತ್ರ ಅವು ಅಲ್ಲಿಗೆ ಬರಲು ಸಾಧ್ಯವೆಂದು 1936ರಲ್ಲಿ ತೋರಿಸಿದರು. ಈ ಒಳ ಕೇಂದ್ರಗೋಳದ ತ್ರಿಜ್ಯ ಸುಮಾರು 1,220 ಕಿ.ಮೀ. ನಮ್ಮ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1960ರ ದಶಕದಿಂದ ನಡೆಸುತ್ತಿರುವ ಕಂಪನಮಾಪಕ ಸಾಲು ದೂರದ ಭೂಗತ ಅಣುಸ್ಫೋಟಗಳನ್ನು ಪತ್ತೆಹಚ್ಚಲು ಹಾಕಿದ್ದು. ಇಂಥ ಕ್ಷೀಣ ಅಲೆಗಳನ್ನು ಗದ್ದಲದಿಂದ ಬೇರ್ಪಡಿಸುವುದಕ್ಕೂ ಅದೇ ವಿಧಾನ ನೆರವಾಗುತ್ತದೆ. ಹಲವು ಉಪಕರಣಗಳನ್ನು ಗೊತ್ತಾದ ಅಂತರದಲ್ಲಿ ಇಟ್ಟು, ಅವುಗಳ ದಾಖಲೆಗಳನ್ನು ತಕ್ಕ ಕಾಲ ವ್ಯತ್ಯಾಸದೊಂದಿಗೆ ಕೂಡಿಸಿದಾಗ, ಒಂದೇ ದಿಕ್ಕಿನಿಂದ ಬಂದ ಅಲೆ ಬಲಗೊಳ್ಳುತ್ತದೆ, ಸ್ಥಳೀಯ ಅಲುಗಾಟ ಕುಗ್ಗುತ್ತದೆ.

ಎರಡು ಪದರಗಳ ಸಾಂದ್ರತೆ

ಕೇಂದ್ರಗೋಳದ ತ್ರಿಜ್ಯ 3,480 ಕಿ.ಮೀ. ಎಂದರೆ ಅದರ ಗಾತ್ರ ಭೂಮಿಯ ಶೇ. 16.3. ಉಳಿದ ಶೇ. 83.7 ಭಾಗಕ್ಕೆ ಒಂದು ಸಾಂದ್ರತೆ ಊಹಿಸಿದರೆ, ಸರಾಸರಿ 5.51 ಆಗಲು ಕೇಂದ್ರಗೋಳದ ಸಾಂದ್ರತೆ ಎಷ್ಟಿರಬೇಕೆಂಬುದು ತಾನಾಗಿ ಸಿಗುತ್ತದೆ. ಮ್ಯಾಂಟಲಿನ ಮೇಲ್ಭಾಗದ ಶಿಲೆಯಾದ ಪೆರಿಡೊಟೈಟಿನ ಸಾಂದ್ರತೆ 3.3ನ್ನೇ ತಳದವರೆಗೂ ಹಾಕಿ ನೋಡಿ: ಕೇಂದ್ರಗೋಳಕ್ಕೆ 16.9 ಬರುತ್ತದೆ, ಅಂದರೆ ಸೀಸಕ್ಕಿಂತ ಬಹಳ ಹೆಚ್ಚು. 4 ಹಾಕಿದರೆ 13.3 ಬರುತ್ತದೆ. ಒಂದು ಸಮೀಕರಣದಿಂದ ಎರಡು ಅಜ್ಞಾತಗಳು ಬಗೆಹರಿಯುವುದಿಲ್ಲ. ಎರಡನೆಯ ಸಮೀಕರಣ ಬೇಕು.

ಅದನ್ನು ಕೊಡುವುದು ಭೂಮಿಯ ತಿರುಗಾಟ. ಪಿಯುಸಿ ಭೌತವಿಜ್ಞಾನದಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಎಂದು ಓದುವ, ಒಂದು ವಸ್ತುವಿನ ತಿರುಗಾಟವನ್ನು ಬದಲಿಸುವುದು ಎಷ್ಟು ಕಷ್ಟ ಎಂದು ಹೇಳುವ ಪರಿಮಾಣವನ್ನು ದ್ರವ್ಯರಾಶಿ ಮತ್ತು ತ್ರಿಜ್ಯದ ವರ್ಗದ ಗುಣಲಬ್ಧದಿಂದ ಭಾಗಿಸಿದರೆ, ಎಲ್ಲೆಡೆ ಒಂದೇ ಸಾಂದ್ರತೆಯಿರುವ ಗೋಳಕ್ಕೆ 0.4 ಬರುತ್ತದೆ, ತೂಕ ನಡುವೆ ಸೇರಿಕೊಂಡಷ್ಟೂ ಈ ಸಂಖ್ಯೆ ಇಳಿಯುತ್ತದೆ. ಭೂಮಿಗೆ ಇದು 0.3307. ಇದು ತಿಳಿದದ್ದು ಕೃತಕ ಉಪಗ್ರಹಗಳ ಕಕ್ಷೆಗಳಿಂದ ಮತ್ತು ಸುಮಾರು 26,000 ವರ್ಷಕ್ಕೊಮ್ಮೆ ಸುತ್ತು ಮುಗಿಸುವ ಅಯನಚಲನೆಯ, ಅಂದರೆ ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವ ಚಲನೆಯ, ವೇಗದಿಂದ. ಉತ್ತರಾಯಣ ಖಗೋಳದ ಪ್ರಕಾರ ಡಿಸೆಂಬರ್ 21 ಅಥವಾ 22ಕ್ಕೆ ಆರಂಭವಾದರೂ ನಮ್ಮ ಪಂಚಾಂಗದ ಮಕರ ಸಂಕ್ರಾಂತಿ ಜನವರಿ ನಡುವಿಗೆ ಸರಿದಿರುವುದು ಇದೇ ಚಲನೆಯಿಂದ. ಅದೇ ಚಲನೆ ಭೂಮಿಯ ಒಡಲಿನ ತೂಕ ಹೇಗೆ ಹಂಚಿಹೋಗಿದೆ ಎಂಬುದನ್ನೂ ಹೇಳುತ್ತದೆ.

ಎರಡು ಪದರಗಳ ಗೋಳಕ್ಕೆ ಸೂತ್ರ ಸರಳ. ಕೇಂದ್ರಗೋಳದ ಸಾಂದ್ರತೆಯಿಂದ ಮ್ಯಾಂಟಲಿನದನ್ನು ಕಳೆದು, 0.0486ರಿಂದ ಗುಣಿಸಿ, ಮ್ಯಾಂಟಲಿನ ಸಾಂದ್ರತೆಗೆ ಕೂಡಿಸಿ, 5.51ರಿಂದ ಭಾಗಿಸಿ, 0.4ರಿಂದ ಗುಣಿಸಿ. 0.0486 ಎಂಬುದು ಎರಡು ತ್ರಿಜ್ಯಗಳ ಅನುಪಾತದ ಐದನೆಯ ಘಾತ. ಮ್ಯಾಂಟಲಿಗೆ 3.3 ಹಾಕಿದ ಮೊದಲ ಊಹೆ 0.287 ಕೊಡುತ್ತದೆ, ಅದು ತೀರ ಕಡಿಮೆ. ಆ ಊಹೆ ಬಿದ್ದುಹೋಯಿತು. ಎರಡೂ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿದರೆ ಮ್ಯಾಂಟಲಿಗೆ ಸುಮಾರು 4.15, ಕೇಂದ್ರಗೋಳಕ್ಕೆ ಸುಮಾರು 12.5 ಬರುತ್ತದೆ.

ಭೂಕಂಪ ವಿಜ್ಞಾನಿಗಳು ಒಪ್ಪಿ ಬಳಸುವ, 1981ರಲ್ಲಿ ಡ್ಜಿವೊನ್ಸ್ಕಿ ಮತ್ತು ಆಂಡರ್ಸನ್ ಪ್ರಕಟಿಸಿದ ಮಾದರಿಯಲ್ಲಿ ಈ ಸರಾಸರಿಗಳು ಸುಮಾರು 4.45 ಮತ್ತು 11. ವ್ಯತ್ಯಾಸಕ್ಕೆ ಕಾರಣವಿದೆ. ಪ್ರತಿ ಪದರದಲ್ಲಿಯೂ ಒಂದೇ ಸಾಂದ್ರತೆ ಎಂದು ನಾವು ಊಹಿಸಿದೆವು. ವಾಸ್ತವದಲ್ಲಿ ಒತ್ತಡ ಹೆಚ್ಚಿದಂತೆ ಅದೇ ವಸ್ತು ಒತ್ತಿಕೊಂಡು ಸಾಂದ್ರವಾಗುತ್ತದೆ. ಮ್ಯಾಂಟಲ್ ಮೇಲ್ಭಾಗದಲ್ಲಿ 3.4ರಷ್ಟಿದ್ದು ತಳದಲ್ಲಿ 5.6 ಮುಟ್ಟುತ್ತದೆ, ಅಲ್ಲಿಂದ ಒಮ್ಮೆಲೇ 9.9ಕ್ಕೆ ಜಿಗಿದು, ಹೊರ ಕೇಂದ್ರಗೋಳದ ತಳದಲ್ಲಿ 12.2, ಭೂಮಿಯ ಕೇಂದ್ರದಲ್ಲಿ 13.1 ಆಗುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ಗೊಂದಲವನ್ನು ತಿದ್ದಿಕೊಳ್ಳುವುದು ಒಳ್ಳೆಯದು. ಸಾಂದ್ರತೆ ಹೆಚ್ಚಿದ್ದರಿಂದ ಅಲೆಯ ವೇಗ ಹೆಚ್ಚುತ್ತದೆ ಎಂದು ಎಷ್ಟೋ ನೋಟ್ಸ್‌ಗಳಲ್ಲಿ ಬರೆದಿರುತ್ತದೆ. ಸಾಂದ್ರತೆ ಒಂದೇ ಹೆಚ್ಚಿದರೆ ವೇಗ ಕಡಿಮೆಯಾಗಬೇಕು. ವೇಗ ಹೆಚ್ಚುವುದು ಅದಕ್ಕಿಂತಲೂ ವೇಗವಾಗಿ ಶಿಲೆಯ ಗಡುಸುತನ ಏರುವುದರಿಂದ.

ಭೂಕವಚದ ದಪ್ಪ

ಕ್ರೊಯೇಷಿಯಾದ ಆಂಡ್ರಿಯಾ ಮೊಹೊರೊವಿಚಿಚ್ 1909ರ ಅಕ್ಟೋಬರ್ 8ರ ಭೂಕಂಪದ ದಾಖಲೆಗಳಲ್ಲಿ ಒಂದೇ ಭೂಕಂಪಕ್ಕೆ ಎರಡು ಪ್ರಾಥಮಿಕ ಅಲೆಗಳನ್ನು ಕಂಡರು. ಒಂದು ಭೂಕವಚದೊಳಗೇ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಬಂದದ್ದು, ಇನ್ನೊಂದು ಕೆಳಗಿಳಿದು, ಮ್ಯಾಂಟಲಿನ ಮೇಲ್ಭಾಗದಲ್ಲಿ ಸುಮಾರು 8 ಕಿ.ಮೀ. ವೇಗದಲ್ಲಿ ಓಡಿ, ಮತ್ತೆ ಮೇಲೆ ಬಂದದ್ದು. ಹತ್ತಿರದ ಊರುಗಳಲ್ಲಿ ಮೊದಲನೆಯದು ಮುಂದಿರುತ್ತದೆ, ದೂರದ ಊರುಗಳಲ್ಲಿ ಸುತ್ತುದಾರಿಯದೇ ಗೆಲ್ಲುತ್ತದೆ. ಎರಡೂ ಒಟ್ಟಿಗೆ ತಲುಪುವ ದೂರವನ್ನು ಹುಡುಕಿ, ಅದನ್ನು 5.3ರಿಂದ ಭಾಗಿಸಿದರೆ ಭೂಕವಚದ ದಪ್ಪ ಸಿಗುತ್ತದೆ. ಭೂಕಂಪದ ಮೂಲ ಮೇಲ್ಮೈಗೆ ಹತ್ತಿರವಿದೆ ಎಂಬ ಊಹೆ ಈ ಭಾಜಕದಲ್ಲಿ ಅಡಗಿದೆ, ವೇಗಗಳು ಬೇರೆಯಾದರೆ ಭಾಜಕವೂ ಬೇರೆ. ದೂರ 185 ಕಿ.ಮೀ. ಎಂದಾದರೆ ದಪ್ಪ 35.

ಕರ್ನಾಟಕದ ಅಡಿಯಲ್ಲಿ ಈ ದಪ್ಪ ಒಂದೇ ಸಮನಾಗಿಲ್ಲ. ಚಿತ್ರದುರ್ಗದ ಶಿಲಾಪಟ್ಟಿಯ ಪೂರ್ವ ಅಂಚಿನಿಂದ ಆಚೆಗೆ, ಪೂರ್ವ ಧಾರವಾಡ ಪ್ರಾಚೀನ ಭೂಖಂಡದಲ್ಲಿ ಅದು 35 ಕಿ.ಮೀ. ಆಸುಪಾಸು, ಪಶ್ಚಿಮದ ಕಡೆ 40ರಿಂದ 50 ಕಿ.ಮೀ.ವರೆಗೆ ಹೋಗುತ್ತದೆ. 300 ಕೋಟಿ ವರ್ಷಕ್ಕೂ ಹಿಂದಿನ ಶಿಲೆಗಳಿರುವ ನೆಲಕ್ಕೆ ಇದು ಸಾಮಾನ್ಯಕ್ಕಿಂತ ಹೆಚ್ಚಿನ ದಪ್ಪ. ಟಿಬೆಟ್ ಪ್ರಸ್ಥಭೂಮಿಯ ಕೆಳಗೆ ಸುಮಾರು 70, ಸಾಗರತಳದಲ್ಲಿ ಬರೀ 7.

ಯಾವ ವಸ್ತು ಎಲ್ಲಿ

ಭೂಕವಚದಲ್ಲಿ ತೂಕದ ಲೆಕ್ಕದಲ್ಲಿ ಆಮ್ಲಜನಕ ಶೇ. 46, ಸಿಲಿಕಾನ್ ಶೇ. 28, ಅಲ್ಯೂಮಿನಿಯಂ ಶೇ. 8, ಕಬ್ಬಿಣ ಶೇ. 5. ಮ್ಯಾಂಟಲಿನಲ್ಲಿ ಅಲ್ಯೂಮಿನಿಯಂ ಹಿಂದೆ ಸರಿದು ಮೆಗ್ನೀಸಿಯಂ ಶೇ. 23ರಷ್ಟಾಗುತ್ತದೆ. ಮ್ಯಾಂಟಲಿನ ಮೇಲ್ಭಾಗದ ಮುಖ್ಯ ಖನಿಜ ಆಲಿವೀನ್. 410 ಕಿ.ಮೀ. ಆಳದಲ್ಲಿ ಅದರ ಪರಮಾಣುಗಳ ಜೋಡಣೆ ಬದಲಾಗಿ ಹೆಚ್ಚು ಒತ್ತೊತ್ತಾದ ರೂಪ ಪಡೆಯುತ್ತದೆ. 660ರಲ್ಲಿ ಮತ್ತೊಮ್ಮೆ ಒಡೆದು ಬ್ರಿಜ್‌ಮನೈಟ್ ಮತ್ತು ಇನ್ನೊಂದು ಆಕ್ಸೈಡ್ ಆಗುತ್ತದೆ. ಬ್ರಿಜ್‌ಮನೈಟ್ ಇಡೀ ಭೂಮಿಯಲ್ಲಿ ಅತ್ಯಂತ ಹೇರಳವಾದ ಖನಿಜ, ಆದರೆ ಅದಕ್ಕೆ ಅಧಿಕೃತ ಹೆಸರು ಸಿಕ್ಕಿದ್ದು 2014ರಲ್ಲಿ, ಅದೂ ಒಂದು ಉಲ್ಕಾಶಿಲೆಯಲ್ಲಿ ಅದರ ನೈಸರ್ಗಿಕ ಮಾದರಿ ಸಿಕ್ಕ ಮೇಲೆ.

ಕೇಂದ್ರಗೋಳ ಕಬ್ಬಿಣದ್ದೆಂದು ಹೇಳಲು ಮೂರು ಆಧಾರಗಳಿವೆ: ಸಾಂದ್ರತೆ ಹೊಂದುತ್ತದೆ, ಉಲ್ಕಾಶಿಲೆಗಳಲ್ಲಿ ಕಬ್ಬಿಣ ಮತ್ತು ನಿಕ್ಕಲಿನ ಮಿಶ್ರಣ ಹೇರಳವಾಗಿ ಸಿಗುತ್ತದೆ, ಭೂಮಿಯ ಕಾಂತಕ್ಷೇತ್ರಕ್ಕೆ ವಿದ್ಯುತ್ ಹರಿಸಬಲ್ಲ ದ್ರವ ಬೇಕು. ಆದರೆ ಅದು ಶುದ್ಧ ಕಬ್ಬಿಣವಲ್ಲ. ಅಷ್ಟು ಒತ್ತಡದಲ್ಲಿ ಶುದ್ಧ ಕಬ್ಬಿಣ ಇನ್ನೂ ಭಾರವಾಗಿರಬೇಕಿತ್ತು ಎಂದು 1952ರಲ್ಲಿ ಫ್ರಾನ್ಸಿಸ್ ಬರ್ಚ್ ತೋರಿಸಿದರು. ಹೊರ ಕೇಂದ್ರಗೋಳದಲ್ಲಿ ಗಂಧಕ, ಸಿಲಿಕಾನ್, ಆಮ್ಲಜನಕ, ಇಂಗಾಲ, ಜಲಜನಕಗಳಂಥ ಹಗುರ ಧಾತುಗಳು ಸೇರಿವೆ, ಯಾವುದರ ಪಾಲು ಎಷ್ಟೆಂಬುದು ಇಂದಿಗೂ ಚರ್ಚೆಯಲ್ಲಿದೆ. ಹಿಂದಿನ ಹಂತದ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಸಾಂದ್ರತೆ 11, ಗಾತ್ರ ಶೇ. 16.3 ಎಂದಾದರೆ ಕೇಂದ್ರಗೋಳದ ತೂಕ ಭೂಮಿಯ ಶೇ. 32.5. ಅದರಲ್ಲಿ ಶೇ. 85 ಕಬ್ಬಿಣ, ಮ್ಯಾಂಟಲಿನಲ್ಲಿ ಶೇ. 6.3 ಎಂದು ಗುಣಿಸಿ ಕೂಡಿಸಿದರೆ ಇಡೀ ಭೂಮಿಯ ಶೇ. 32 ಕಬ್ಬಿಣ. ಕಾಲಿನ ಕೆಳಗಿನ ಮಣ್ಣಿನಲ್ಲಿ ಆಮ್ಲಜನಕ ಮೊದಲಿನ ಸ್ಥಾನದಲ್ಲಿದ್ದರೂ, ಒಟ್ಟು ಭೂಮಿಯ ಲೆಕ್ಕದಲ್ಲಿ ಅದು ಶೇ. 30ರೊಂದಿಗೆ ಎರಡನೆಯದು.

ಉಷ್ಣಾಂಶವೇ ಎಲ್ಲಕ್ಕಿಂತ ಸಡಿಲವಾದ ಅಂಕಿ. ಕೋಲಾರದ ಗಣಿಯ ತಳದಲ್ಲಿ ಬಂಡೆಯ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು; ಕೋಲಾ ಬಾವಿಯ ತಳದಲ್ಲಿ 180. ಮೇಲ್ಮೈಯ ಬಳಿ ಕಿ.ಮೀ.ಗೆ 25 ಡಿಗ್ರಿ ಏರುವ ಸಾಮಾನ್ಯ ಲೆಕ್ಕವನ್ನೇ ಕೇಂದ್ರದವರೆಗೆ ಎಳೆದರೆ 1,59,000 ಡಿಗ್ರಿ ಬಂದು, ಲೆಕ್ಕವೇ ಅಸಂಬದ್ಧವಾಗುತ್ತದೆ. ಒಳಗೆ ಏರಿಕೆ ನಿಧಾನವಾಗಲೇಬೇಕು, ಏಕೆಂದರೆ ಮ್ಯಾಂಟಲ್ ತಾನೇ ಬಹು ನಿಧಾನವಾಗಿ ಮೇಲೆ ಕೆಳಗೆ ಹರಿದು ಶಾಖವನ್ನು ಸಾಗಿಸುತ್ತದೆ. ಹರಿಯುತ್ತದೆ ಎಂದ ಕೂಡಲೇ ಅದು ಕರಗಿದ ಲಾವಾ ಎಂದು ತಿಳಿಯಬಾರದು. ತಣ್ಣಗಿನ ಡಾಂಬರಿನ ಗಟ್ಟಿ ಸುತ್ತಿಗೆ ಪೆಟ್ಟಿಗೆ ಒಡೆಯುತ್ತದೆ, ವರ್ಷಗಟ್ಟಲೆ ಬಿಟ್ಟರೆ ತಾನಾಗಿ ಹರಡುತ್ತದೆ; ಮ್ಯಾಂಟಲ್ ಕೂಡ ಭೂಕಂಪದ ಅಲೆಗೆ ಘನ, ಲಕ್ಷಾಂತರ ವರ್ಷಗಳ ಒತ್ತಡಕ್ಕೆ ಹರಿವ ವಸ್ತು. ಅಗ್ನಿಪರ್ವತಗಳ ಶಿಲಾರಸ ಹುಟ್ಟುವುದು ಕೆಲವೇ ಕಡೆಗಳಲ್ಲಿ, ಹೆಚ್ಚಾಗಿ ಮೇಲಿನ ಒಂದೆರಡು ನೂರು ಕಿ.ಮೀ. ಒಳಗೆ. ಒಳ ಕೇಂದ್ರಗೋಳದ ಅಂಚಿನಲ್ಲಿ ಕಬ್ಬಿಣ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುವುದರಿಂದ, ಅಲ್ಲಿನ ಒತ್ತಡದಲ್ಲಿ ಕಬ್ಬಿಣ ಕರಗುವ ಉಷ್ಣಾಂಶವೇ ಸಿಗುವ ಒಳ್ಳೆಯ ಆಧಾರ. ಅದು 5,000ದಿಂದ 6,000 ಡಿಗ್ರಿಯ ನಡುವೆ ಎಲ್ಲೋ ಇದೆ.

ಈಗ ಚಿತ್ರ

ಎ-4 ಹಾಳೆಯನ್ನು ಅಡ್ಡಲಾಗಿಟ್ಟು, 1 ಸೆಂ.ಮೀ.ಗೆ 500 ಕಿ.ಮೀ. ಅಳತೆಯಲ್ಲಿ 12.7 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎಳೆಯಿರಿ; ಕೈವಾರ ಅಷ್ಟು ಅಗಲಿಸದಿದ್ದರೆ ಗುಂಡುಸೂಜಿ ಮತ್ತು ದಾರ ಸಾಕು. ಅದೇ ಕೇಂದ್ರದಿಂದ 7 ಸೆಂ.ಮೀ. ಮತ್ತು 2.4 ಸೆಂ.ಮೀ. ತ್ರಿಜ್ಯದ ಇನ್ನೆರಡು ಅರ್ಧವೃತ್ತಗಳನ್ನು ಗಟ್ಟಿ ಗೆರೆಯಲ್ಲಿ ಬರೆಯಿರಿ. ಭೂಖಂಡದ ಭೂಕವಚ ಈ ಅಳತೆಯಲ್ಲಿ 0.7 ಮಿ.ಮೀ.; ಹೊರಗಿನ ಪೆನ್ಸಿಲ್ ಗೆರೆಯೇ ಅದು, ಬೇರೆ ಗೆರೆ ಹಾಕಬೇಕಿಲ್ಲ. ಪಠ್ಯದ ಚಿತ್ರಗಳು ಭೂಕವಚವನ್ನು ಬೆರಳಿನಷ್ಟು ದಪ್ಪ ತೋರಿಸುವುದು ಹೆಸರು ಬರೆಯುವ ಅನುಕೂಲಕ್ಕಾಗಿ ಇರಬಹುದು, ಆದರೆ ಅದರಿಂದ ಆಗುವ ತಪ್ಪು ಕಲ್ಪನೆ ಆ ಅನುಕೂಲಕ್ಕಿಂತ ದೊಡ್ಡದು. 410 ಮತ್ತು 660 ಕಿ.ಮೀ. ಗಡಿಗಳು ಹೊರ ಅಂಚಿನಿಂದ 0.8 ಮತ್ತು 1.3 ಸೆಂ.ಮೀ. ಒಳಗೆ ಬರುತ್ತವೆ, ಸ್ಥಳದಿಂದ ಸ್ಥಳಕ್ಕೆ ಅವುಗಳ ಆಳ ಹತ್ತಾರು ಕಿ.ಮೀ. ಏರಿಳಿಯುವುದರಿಂದ ಚುಕ್ಕಿಗೆರೆಯಲ್ಲಿ ಹಾಕಿ. ಮ್ಯಾಂಟಲಿನ ತಳದ ಕೊನೆಯ ಇನ್ನೂರು ಮುನ್ನೂರು ಕಿ.ಮೀ. ಪಟ್ಟಿ ಎಲ್ಲೆಡೆ ಒಂದೇ ಬಗೆಯದಲ್ಲ. ಅದಕ್ಕೆ ತೆಳುವಾಗಿ ಬಣ್ಣ ತೀಡಿ ಬಿಡಿ.

ಕೊನೆಗೆ ಅಲೆಗಳ ದಾರಿ. ಅರ್ಧವೃತ್ತದ ಎಡ ತುದಿಯನ್ನು ಬೆಂಗಳೂರು ಎಂದು ಗುರುತಿಸಿ, ಕೇಂದ್ರದಲ್ಲಿ ಕೋನಮಾಪಕವಿಟ್ಟು 60, 97, 126, 145 ಡಿಗ್ರಿಗಳಲ್ಲಿ ನಾಲ್ಕು ನಗರಗಳನ್ನು ಹೊರ ಅಂಚಿನ ಮೇಲೆ ಬರೆಯಿರಿ. ಟೋಕಿಯೊದಿಂದ ಬರುವ ದಾರಿ ಮ್ಯಾಂಟಲಿನ ನಡುಭಾಗದವರೆಗೆ ಬಾಗಿ ಮೇಲೇರಲಿ. ಆಂಕರೇಜಿನದು ಕೇಂದ್ರಗೋಳದ ಗೆರೆಯ ಸ್ವಲ್ಪವೇ ಮೇಲೆ ಹಾದುಹೋಗಲಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಒಳ ಕೇಂದ್ರಗೋಳಕ್ಕೆ ಬಡಿದು ಮರಳುವ ತೆಳು ಚುಕ್ಕಿಗೆರೆ ಸಾಕು. ಸಾಂಟಿಯಾಗೊದ ದಾರಿ ಕೇಂದ್ರಗೋಳದ ಅಂಚಿನಲ್ಲಿ ಒಳಗೆ ಮುರಿದು, ಆಚೆ ಬದಿಯಲ್ಲಿ ಹೊರಬರುವಾಗ ಮತ್ತೆ ಮುರಿಯಬೇಕು. 103 ಮತ್ತು 143 ಡಿಗ್ರಿಗಳ ನಡುವಿನ ಹೊರ ಅಂಚನ್ನು ಪೆನ್ಸಿಲಿನಿಂದ ಕಪ್ಪಾಗಿಸಿ. ಮುಂದೆ ಎಲ್ಲಿಯಾದರೂ 6.5ಕ್ಕಿಂತ ಹೆಚ್ಚಿನ ಪರಿಮಾಣದ ಭೂಕಂಪವಾದ ಸುದ್ದಿ ಬಂದಾಗ, ಅದರ ಅಕ್ಷಾಂಶ ರೇಖಾಂಶಗಳಿಂದ ಕೋನ ಲೆಕ್ಕ ಹಾಕಿ ಇದೇ ಹಾಳೆಯ ಮೇಲೆ ಹೊಸ ಬಿಂದುವನ್ನು ಸೇರಿಸಬಹುದು. ಅದು ಕಪ್ಪು ಪಟ್ಟಿಯ ಒಳಗೆ ಬಿದ್ದರೆ ಆ ದಾರಿಯನ್ನು ಚುಕ್ಕಿಗೆರೆಯಲ್ಲಿಯೇ ಎಳೆಯಿರಿ.